ಚಿತ್ರವಿಲ್ಲದ ಮಾತು

ಆ ಬೀದಿಗೆ ಹೊಸದಾಗಿ ಬಂದವರು ಇಸ್ತ್ರಿ ಅಂಗಡಿ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ. ತಿರುವಿನಲ್ಲಿ ನಿಂತು ಕಿವಿಗೊಟ್ಟರೆ ಅಕ್ಕನ ಬಾಯೇ ದಾರಿ ತೋರಿಸುತ್ತಿತ್ತು. ಅಂಗಡಿ ಅಂದರೆ ಒಂದು ಉದ್ದನೆಯ ಇಕ್ಕಟ್ಟು ಕೋಣೆ. ಮುಂದೆ ಬಟ್ಟೆ ತೆಗೆದುಕೊಳ್ಳುವ ಮೇಜು, ಅದರ ಹಿಂದೆ ಅಕ್ಕನ ಕುರ್ಚಿ, ಒಳಗೆ ಇಸ್ತ್ರಿ ಹಲಗೆ, ಹಲಗೆಯ ಮುಂದೆ ಅವಳ ಗಂಡ. ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಅನ್ನುತ್ತಿದ್ದರು. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತೋ ಅನ್ನುವಂಥ ಮನುಷ್ಯ. ಗಿರಾಕಿ ಬಂದು ಎದುರು ನಿಂತರೆ ಒಮ್ಮೆ ತಲೆ ಎತ್ತುತ್ತಿದ್ದ, ಮತ್ತೆ ಕಾಲರಿನ ಮೇಲೆ ನೀರು ಚಿಮುಕಿಸುತ್ತಿದ್ದ, ಅಷ್ಟೇ.

ಮಾತೆಲ್ಲ ಅಕ್ಕನದು. ಗುಂಡಿ ಕಿತ್ತುಹೋದ ಶರ್ಟು ಹಿಡಿದು ಬಂದವನಿಗೆ, "ಏನಪ್ಪ, ಗುಂಡಿ ಯಾರ ಜೊತೆ ಓಡಿಹೋಯ್ತು?" ಅನ್ನುವಳು. ಪ್ಯಾಂಟು ಬಿಗಿಯಾಯಿತು ಅಂತ ದೂರು ತಂದ ದಪ್ಪ ಸಾಹೇಬರಿಗೆ, "ಸಾರ್, ಇಸ್ತ್ರಿ ಪೆಟ್ಟಿಗೆಗೆ ಬಟ್ಟೆ ಕುಗ್ಗಿಸೋ ಶಕ್ತಿ ಇದ್ದಿದ್ರೆ ಮೊದ್ಲು ನಮ್ಮೆಜಮಾನ್ರ ಹೊಟ್ಟೆ ಮೇಲೆ ಇಡ್ತಿದ್ದೆ" ಅನ್ನುವಳು. ಸಾಹೇಬರು ನಗುತ್ತಾ ಹೋಗಿ ಮಾರನೇ ದಿನ ಇನ್ನೊಂದು ಗಂಟು ತರುವರು. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಮಾಡಿದವರು ಅಕ್ಕನಂಥವಳನ್ನು ನೋಡಿಯೇ ಮಾಡಿರಬೇಕು.

ಇಷ್ಟು ಮಾತಿನ ಮಧ್ಯೆ ಗಂಡನಿಗೆ ಅಂತ ಅವಳು ಇಟ್ಟುಕೊಂಡದ್ದು ಒಂದೇ ಮಾತು. "ರೀ." ಮೊಟಕಾಗಿ ಅಂದರೆ ಗಿರಾಕಿ ಕಾಯುತ್ತಿದ್ದಾರೆ ಅಂತ. ಮೂಗಿನಿಂದ ಅಂದರೆ ಬಟ್ಟೆ ಕರಕುವಾಸನೆ ಬರುತ್ತಿದೆ, ನೋಡಿ ಅಂತ. ಕೊನೆಗೆ ಇಳಿಸಿ ಎಳೆದರೆ ಊಟಕ್ಕೆ ಹೊತ್ತಾಯಿತು ಅಂತ. ಕೆಲವು ಸಲ ಏನೂ ಇರುತ್ತಿರಲಿಲ್ಲ. ಮನುಷ್ಯ ಹಿಂದೆ ಇದ್ದಾನೋ ಇಲ್ಲವೋ ಅಂತ ಸುಮ್ಮನೆ ಒಂದು "ರೀ". ಅದಕ್ಕೆ ಅವನು "ಏನೇ" ಅನ್ನುವನು. ಅವಳು "ಏನಿಲ್ಲ" ಅನ್ನುವಳು. ಮದುವೆಯಾದಾಗಿನಿಂದ ಅವರ ಸಂಸಾರ ನಡೆದದ್ದೇ ಹೀಗೆ. ಅದೂ ಒಂದು ಮಾತು ಅಂತ ಇಸ್ತ್ರಿಯಣ್ಣನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಒಂದು ಬೆಳಿಗ್ಗೆ ಮಡಿಸಿದ ಶರ್ಟನ್ನು ಗಿರಾಕಿಯ ಕೈಗೆ ಕೊಡುತ್ತಾ ಇದ್ದವಳು ಹಾಗೇ ಬಲಗಡೆಗೆ ವಾಲಿದಳು. ಲಕ್ವ. ಆಸ್ಪತ್ರೆಯಿಂದ ತಿರುಗಿ ಬರುವಾಗ ಬಲಗೈ ಬಲಗಾಲು ಅರ್ಧ ಅವಳವು, ಅರ್ಧ ಯಾರವೋ. ಅದನ್ನಾದರೂ ಸಹಿಸಬಹುದಿತ್ತು. ಮಾತು ಪೂರ್ತಿ ಹೋಗಿತ್ತು. ಬಾಯಿ ತೆರೆದರೆ "ತತ್ತ, ತತ್ತ" ಅಂತ ಒಂದು ಸದ್ದು. ನೀರಿಗೂ ತತ್ತ, ನೋವಿಗೂ ತತ್ತ. ಡಾಕ್ಟರು, "ಮಾತು ಒಳಗೇ ಇದೆ, ಬರೋ ದಾರಿ ಕೆಟ್ಟಿದೆ" ಅಂದರು. ಹೇಳುವುದಕ್ಕೇನು, ಅವರ ಬಾಯಿ ನೆಟ್ಟಗಿತ್ತು. ಮನೆಗೆ ಬಂದ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೇರೆ ಊರಿನಿಂದ ಮಗಳು ಬಂದು ಬೇಡಿಕೊಂಡರೂ ಈ ಕಡೆ ತಿರುಗಲಿಲ್ಲ.

ಮಗಳೇ ಓಡಾಡಿ ಒಬ್ಬ ಮೇಡಂ ಅನ್ನು ಗೊತ್ತುಮಾಡಿದಳು. ಲಕ್ವ ಹೊಡೆದವರಿಗೆ ಮಾತು ಕಲಿಸುವ ಹೆಂಗಸು. "ನಮ್ಮಕ್ಕನಿಗೂ ಮಾತು ಕಲಿಸೋರು ಬೇಕಾಗೋ ಕಾಲ ಬಂತಲ್ಲ ಅಣ್ಣ" ಅಂತ ಎದುರಿನ ಬೀಗ ರಿಪೇರಿಯವನು ಕಣ್ಣೊರೆಸಿಕೊಂಡ. ಅವನಿಗೆ ಬೀಗದವನು ಅಂತಲೇ ಹೆಸರು. ಅಕ್ಕನಿಂದ ದಿನಕ್ಕೊಮ್ಮೆ ಬೈಸಿಕೊಳ್ಳದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಮಾತಿನ ಮೇಡಂ ಚೀಲದಿಂದ ಪುಸ್ತಕ ತೆಗೆಯುತ್ತಾರೆ ಅಂತ ನೋಡಿದರೆ ಟ್ಯಾಬ್ ತೆಗೆದರು. ಅದರಲ್ಲಿ ಒಂದು ಆಟ. ಚಿತ್ರಗಳು ಬರುತ್ತವೆ, ಒಂದು ಹೆಣ್ಣುದನಿ "ಮರ" ಅನ್ನುತ್ತದೆ, ಮರವನ್ನು ಮುಟ್ಟಬೇಕು. ಮುಟ್ಟಿದರೆ "ಭೇಷ್!" ಅಂತ ಬಲೂನುಗಳು ಮೇಲೇಳುತ್ತವೆ. ತಪ್ಪಿದರೆ "ಮತ್ತೊಮ್ಮೆ ಪ್ರಯತ್ನಿಸಿ." ಇದು ಮೊದಲ ಹಂತ. ಮುಂದಿನ ಹಂತದಲ್ಲಿ ಬರೀ ಚಿತ್ರ ಬರುತ್ತದೆ, ಹೆಸರನ್ನು ನಾವು ಹೇಳಬೇಕು, ಯಂತ್ರ ಕೇಳಿಸಿಕೊಳ್ಳುತ್ತದೆ. ಸರಿಯಾಗಿ ಹೇಳುವ ತನಕ ಮುಂದಿನ ಚಿತ್ರಕ್ಕೆ ಬಿಡುವುದಿಲ್ಲ.

ಇಸ್ತ್ರಿಯಣ್ಣನಿಗೆ ಮೈಯೆಲ್ಲ ಉರಿಯಿತು. "ಇದು ಮಕ್ಕಳಾಟ ಅಲ್ವಾ ಮೇಡಂ? ಅವಳು ಅಜ್ಜಿಯಾದವಳು."

"ಪುಸ್ತಕ ಕೊಟ್ರೆ ಮುಖ ತಿರುಗಿಸ್ತಾರೆ ಯಜಮಾನ್ರೇ. ಆಟ ಕೊಟ್ಟು ನೋಡೋಣ, ಬೆರಳಾದ್ರೂ ಚಾಚ್ತಾರೆ."

ಮೇಡಂ ಸುಳ್ಳು ಹೇಳಿರಲಿಲ್ಲ. ಮೊದಲ ಬಲೂನು ಮೇಲೆದ್ದಾಗ ಅಕ್ಕ ಗೋಡೆ ಬಿಟ್ಟು ಈ ಕಡೆ ತಿರುಗಿದಳು. ಆಮೇಲಾಮೇಲೆ ಎದ್ದು ಕೂತು ಆಡಿದಳು. ಒಮ್ಮೊಮ್ಮೆ ಹಟಕ್ಕೆ ಬಿದ್ದು ಬಲಗೈ ಬೆರಳನ್ನು ಎಡಗೈಯಿಂದ ಎತ್ತಿ ಚಿತ್ರದ ಮೇಲೆ ಇಟ್ಟಳು. ಬರಬರುತ್ತಾ ಆ ಬೆರಳು ತಾನಾಗಿಯೇ ಏಳಲು ಕಲಿಯಿತು. ವ್ಯಾಯಾಮ ಮಾಡಿಸುವವನು ಗೋಗರೆದರೂ ಏಳದ ಬೆರಳು ಅದು. ಸೋತರೆ ಸಿಟ್ಟು, ಗೆದ್ದರೆ ನಗು. ಹೆಂಡತಿ ನಕ್ಕದ್ದನ್ನು ನೋಡಿ ಇಸ್ತ್ರಿಯಣ್ಣ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ. ಆಟವೆಂದು ಹೀಗಳೆದದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು.

ಆಮೇಲೆ ಅವಳನ್ನು ಅಂಗಡಿಗೇ ಕರೆತಂದ. ಬೀಳದಿರಲಿ ಅಂತ ಕುರ್ಚಿಯನ್ನು ಮೇಜಿಗೂ ಬಟ್ಟೆಯ ಕಪಾಟಿಗೂ ನಡುವೆ ಒತ್ತಾಗಿ ಇಟ್ಟ. ಅಲ್ಲಿಂದ ಅವನು ಬಂದು ಎಬ್ಬಿಸದೆ ಅವಳು ಏಳುವ ಹಾಗಿರಲಿಲ್ಲ. ಅಲ್ಲೇ ಕೂತು ಒಂದು ದಿನ ಅವಳು ತೊದಲಿ "ಮರ" ಅಂದಳು. ಯಂತ್ರ "ಭೇಷ್" ಅಂತು. ಎದುರಿನಿಂದ ಬೀಗದವನೂ "ಭೇಷ್ ಅಕ್ಕ" ಅಂದ. ಮರದ ಹಿಂದೆ ಹಸು ಬಂತು, ಕೊಡೆ ಬಂತು, ಲೋಟ ಬಂತು. ಬೀದಿಗೆ ಬೀದಿಯೇ ಅವಳ ಮೇಷ್ಟರಾಯಿತು. ತರಕಾರಿ ಕೊಳ್ಳಲು ಹೊರಟವರು ನಿಂತು ಕೇಳಿ, "ಭೇಷ್ ಅಕ್ಕ" ಅಂತ ಕೂಗಿ ಹೋಗುವರು. ಒಳಗೆ ಇಸ್ತ್ರಿಯಣ್ಣ ಹಲಗೆಯ ಮೇಲೆ ಬಗ್ಗಿಕೊಂಡು, ಇನ್ನೇನು, ಇನ್ನೇನು ಅಂದುಕೊಳ್ಳುವನು. ಇಷ್ಟು ಬಂದಮೇಲೆ ಅದೊಂದು ಮಾತು ಬಾರದೆ ಇರುತ್ತದೆಯೇ?

ಒಂದು ಮಧ್ಯಾಹ್ನ ಸೆಖೆ. ಅಕ್ಕ ತುಟಿ ನೆಕ್ಕಿಕೊಳ್ಳುವುದನ್ನು ನೋಡಿ ಅವನು ಲೋಟದಲ್ಲಿ ನೀರು ತಂದು ಅವಳ ಮುಖದ ಎದುರು ಹಿಡಿದ. "ಇದೇನೇ ಇದು? ಹೇಳು ನೋಡೋಣ." ಬೆಳಿಗ್ಗೆಯಷ್ಟೇ ಬಲೂನು ಎಬ್ಬಿಸಿದ ಮಾತು. ಅಕ್ಕ ಲೋಟವನ್ನು ನೋಡಿದಳು, ಅವನನ್ನು ನೋಡಿದಳು. ಬೆರಳು ಚಾಚಿ ಲೋಟದ ಹೊಟ್ಟೆಗೆ ಒಮ್ಮೆ ಒತ್ತಿ ಕಾದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. "ತತ್ತ" ಅಂದಳು. ಅವನು ಲೋಟವನ್ನು ಅವಳ ತುಟಿಗೆ ಹಿಡಿದು ನೀರು ಕುಡಿಸಿದ.

ಸಂಜೆ ಅವನು ಕೊಡೆ ಬಿಚ್ಚಿ ತೋರಿಸಿದ. ಬಾಗಿಲ ಹೊರಗಿನ ಮರ ತೋರಿಸಿದ. ಊಹೂಂ. ಟ್ಯಾಬ್ ಕೈಗೆ ಕೊಟ್ಟರೆ ಎಲ್ಲವೂ ಪಟಪಟ. ಪುಸ್ತಕದ ಬದನೆಕಾಯಿ ಅನ್ನುತ್ತಾರಲ್ಲ, ಇದು ಗಾಜಿನ ಬದನೆಕಾಯಿ. ಗಾಜಿನ ಆಚೆಗೆ ಅದರ ಆಟ ನಡೆಯದು.

ಮಾತಿನ ಮೇಡಂಗೆ ಹೇಳಿದಾಗ ಅವರು ಮುಚ್ಚಿಡಲಿಲ್ಲ. "ಹೀಗೂ ಆಗುತ್ತೆ ಯಜಮಾನ್ರೇ. ಆಟ ಆಡಿಸಿ ಆಟದಲ್ಲೇ ಜಾಣರನ್ನಾಗಿ ಮಾಡಿಬಿಡುತ್ತೆ. ಆದ್ರೆ ಆಟ ಇಲ್ದೆ ಇದ್ದಿದ್ರೆ ಅವರು ಇನ್ನೂ ಗೋಡೆ ನೋಡ್ಕೊಂಡೇ ಮಲಗಿರ್ತಿದ್ರು. ಎರಡೂ ನಿಜ. ನೀವು ನಿಜವಾದ ವಸ್ತು ಹಿಡಿದು ಜೊತೆಗೆ ಕೂತು ಮಾತಾಡಿಸ್ಬೇಕು."

ಮಾತಾಡಿಸಬೇಕಂತೆ. ಯಾರಿಗೆ ಹೇಳುತ್ತಿದ್ದಾರೆ ನೋಡಿ. ಜೀವಮಾನವೆಲ್ಲ ಹೆಂಡತಿಯ ಬಾಯಲ್ಲಿ ಮಾತಾಡಿದವನು ಈಗ ಅವಳ ಎದುರು ಕೂತು ಏನು ಮಾತಾಡಿಯಾನು? ಆದರೂ ಕೂತ. "ಇದು ಶರ್ಟು. ಇದು ಕಾಲರು. ಇದು... ಇದು ಶರ್ಟು." ಅಕ್ಕನಿಗೇ ಕರುಣೆ ಬಂದು ಅವನ ಕೆನ್ನೆ ತಟ್ಟಿದಳು.

ಮುಂದಿನ ಸಲ ಮೇಡಂ ಬಂದಾಗ ಅವನು ಬಾಗಿಲಲ್ಲೇ ನಿಲ್ಲಿಸಿಕೊಂಡ. "ಮೇಡಂ, ನನಗೆ ಮರ ಹಸು ಬೇಡ. ಒಂದೇ ಒಂದು ಮಾತು ಬಂದ್ರೆ ಸಾಕು. ಆಟದೊಳಗೆ ಸೇರಿಸಕ್ಕಾಗುತ್ತಾ?"

"ಆಗುತ್ತೆ. ಬೇಕಾದ ಚಿತ್ರ ಹಾಕಿ, ಮಾತು ರೆಕಾರ್ಡ್ ಮಾಡಿದ್ರಾಯ್ತು. ಯಾವ ಮಾತು?"

ಅವನು ನೆಲ ನೋಡುತ್ತಾ, "ರೀ" ಅಂದ.

ಮೇಡಂ ತಮ್ಮನ್ನು ಕರೆದರು ಅಂತ ತಿಳಿದು, "ಹೇಳಿ" ಅಂದರು. "ಅದೇ ಮೇಡಂ, ಆ ಮಾತೇ" ಅಂದಾಗ ಅವರಿಗೆ ಗೊತ್ತಾಯಿತು. ಬಂದ ನಗುವನ್ನು ತಡೆದುಕೊಂಡು ಟ್ಯಾಬ್ ತೆರೆದರು. "ಇದಕ್ಕೆ ಚಿತ್ರ ಏನು ಹಾಕೋದು?"

ಅದು ದೊಡ್ಡ ಪ್ರಶ್ನೆಯೇ ಸರಿ. ಮರಕ್ಕೆ ಮರ, ಹಸುವಿಗೆ ಹಸು. "ರೀ" ಅನ್ನುವುದಕ್ಕೆ ಏನು? ಅದು ಹೆಸರೂ ಅಲ್ಲ, ವಸ್ತುವೂ ಅಲ್ಲ. ಬೀದಿಯಲ್ಲಿ ಹೋಗುವ ಗುರುತಿಲ್ಲದವರನ್ನು ನಿಲ್ಲಿಸುವುದಕ್ಕೂ ಅದೇ, ಮನೆಯ ಗಂಡನಿಗೂ ಅದೇ. ಕೊನೆಗೆ ಇಸ್ತ್ರಿಯಣ್ಣನ ಫೋಟೋ ಹಾಕುವುದು ಅಂತಾಯಿತು. ಮಗಳು ಹಲಗೆಯ ಮುಂದೆ ನಿಲ್ಲಿಸಿ ತೆಗೆದಳು. ಅಕ್ಕ ಆ ಚಿತ್ರ ನೋಡಿ ನೇರವಾಗಿ ಇಸ್ತ್ರಿ ಪೆಟ್ಟಿಗೆಯ ಮೇಲೆ ಬೆರಳಿಟ್ಟಳು. ಎಲ್ಲರೂ ನಕ್ಕರು, ಅವನೂ ನಕ್ಕ. ಪೆಟ್ಟಿಗೆ ಇಲ್ಲದೆ ಇನ್ನೊಂದು ತೆಗೆದರು. ಅದರಲ್ಲಿ ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಬೈಸಿಕೊಳ್ಳಲು ನಿಂತವನ ಹಾಗೆ ನಿಂತಿದ್ದಾನೆ.

ಇನ್ನು ದನಿ. ಮಗಳು, "ಅಯ್ಯೋ ಅಪ್ಪ, ನಿನಗೆ ನಾನು ರೀ ಅನ್ನಲಾ? ನಾಲಿಗೆ ಬಿದ್ದುಹೋಗುತ್ತೆ" ಅಂದಳು. ಮೇಡಂ, "ನಾನು ನಮ್ಮನೆಯವರನ್ನ ಹೆಸರು ಹಿಡಿದೇ ಕರೆಯೋದು, ನಂಗೆ ಆ ರಾಗ ಬರಲ್ಲ" ಅಂದರು. ಕಡೆಗೆ ಇಸ್ತ್ರಿಯಣ್ಣನೇ ಅಂಗಡಿಯ ಹಿಂದಿನ ಸಂದಿಗೆ ಹೋಗಿ, ಯಾರೂ ಇಲ್ಲ ಅಂತ ನೋಡಿಕೊಂಡು, ಕಣ್ಣು ಮುಚ್ಚಿ ಹೆಂಡತಿಯನ್ನು ನೆನೆದು, ಅವಳ ಹಾಗೆಯೇ ಕೊನೆಗೆ ಇಳಿಸಿ ಎಳೆದ. "ರೀ..." ಗಂಟಲು ಗರಗರ. ಇನ್ನೊಮ್ಮೆ ಮಾಡೋಣ ಅಂದರೆ ಅವನಿಗೆ ಆಗಲಿಲ್ಲ. ಅದನ್ನೇ ಆಟದ ಕೊನೆಯ ಚಿತ್ರಕ್ಕೆ ಹಾಕಿದರು. ಪ್ರತಿ ಸಲವೂ ಮರದಿಂದ ಶುರುಮಾಡಿ ಉಳಿದದ್ದೆಲ್ಲ ಗೆದ್ದ ಮೇಲೆಯೇ ಅದು ಬರುವುದು.

ಆ ಚಿತ್ರದ ಹತ್ತಿರ ಅಕ್ಕ ತುಂಬ ದಿನ ಸಿಕ್ಕಿಬಿದ್ದಳು. "ತತ್ತ." ಮತ್ತೊಮ್ಮೆ ಪ್ರಯತ್ನಿಸಿ. "ತೀ." ಮತ್ತೊಮ್ಮೆ ಪ್ರಯತ್ನಿಸಿ. ಬೀದಿಯವರೆಲ್ಲರಿಗೂ ಆ ಗರಗರ "ರೀ" ಬಾಯಿಪಾಠವಾಯಿತು. ಬೀಗದವನಂತೂ ಬೀಗ ಬಿಚ್ಚುತ್ತಾ ಬಿಚ್ಚುತ್ತಾ ಅದೇ ರಾಗ ಎಳೆಯುತ್ತಿದ್ದ. ಆಮೇಲೆ ಒಂದು ದಿನ, ಇಸ್ತ್ರಿಯಣ್ಣ ಶರ್ಟಿನ ತೋಳಿನ ಗೆರೆ ಕೂಡಿಸುತ್ತಿರುವಾಗ, ಮುಂದಿನಿಂದ ಸ್ಪಷ್ಟವಾಗಿ ಕೇಳಿತು.

"ರೀ..."

ಅವನು ಪೆಟ್ಟಿಗೆ ಎತ್ತಿ ನಿಲ್ಲಿಸಿ, "ಏನೇ, ಏನೇ" ಅನ್ನುತ್ತಾ ಓಡಿ ಬಂದ. ಅಕ್ಕ ಅವನ ಕಡೆ ನೋಡಲಿಲ್ಲ. ಬಲೂನು ನೋಡುತ್ತಿದ್ದಳು. ಅವನು ಟ್ಯಾಬಿಗೂ ಅವಳಿಗೂ ನಡುವೆ ಮುಖ ಒಡ್ಡಿ, "ನಾನೇ ಕಣೇ. ಇಲ್ಲಿದ್ದೀನಿ. ನನ್ನ ಕರಿ" ಅಂದ. ಅವಳು ಅವನ ಮುಖವನ್ನು ಪಕ್ಕಕ್ಕೆ ಸರಿಸಿ, ಫೋಟೋದಲ್ಲಿದ್ದ ಅವನಿಗೆ ಇನ್ನೊಮ್ಮೆ "ರೀ" ಅಂದು, ಗೆದ್ದ ಸಂತೋಷದಲ್ಲಿ ಅವನ ಕಡೆ ನೋಡಿ ನಕ್ಕಳು. ಆಗಲೇ ಅವನಿಗೆ ಇನ್ನೊಂದು ಗೊತ್ತಾಯಿತು. ಆ ರಾಗ ಅವಳದಲ್ಲ. ಸಂದಿಯಲ್ಲಿ ನಿಂತು ಅವನು ಎಳೆದ ರಾಗ, ಗಂಟಲ ಗರಗರ ಸಮೇತ. ಅವಳ ಮಾತನ್ನು ಅವನು ಅಣಕಿಸಿದ್ದ, ಅವನ ಅಣಕವನ್ನು ಅವಳು ಕಲಿತಿದ್ದಳು. ಮಾಡಿದ್ದುಣ್ಣೋ ಮಹರಾಯ.

ಅಂದಿನಿಂದ ಅವನು ಅವಳನ್ನು ಏನೂ ಕೇಳಲಿಲ್ಲ. ಆಡಿಕೊಂಡಿರಲಿ, ನಗುತ್ತಾಳಲ್ಲ ಅಂತ ಬಿಟ್ಟ. ಫೋಟೋಗೆ ಅವಳು "ರೀ" ಅಂದಾಗಲೆಲ್ಲ ಅಭ್ಯಾಸಬಲದಿಂದ ಬಾಯಿಗೆ ಬರುವ "ಏನೇ" ಅನ್ನು ಮಾತ್ರ ನುಂಗಿಕೊಳ್ಳಬೇಕಾಗುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಗಿರಾಕಿಯೊಬ್ಬರು ಮುಂಚೆಯೇ ಬರುತ್ತೇನೆ ಅಂದಿದ್ದರು. ಮೇಲಿನ ಅಟ್ಟದಲ್ಲಿ ಅವರ ಗಂಟು. ಇಸ್ತ್ರಿಯಣ್ಣ ಆತುರದಲ್ಲಿ ಪೆಟ್ಟಿಗೆಯನ್ನು ಶರ್ಟಿನ ಮೇಲೇ ಮಗುಚಿಟ್ಟು ಸ್ಟೂಲು ಹತ್ತಿದ. ಯಾವತ್ತೂ ಹಾಗೆ ಮಾಡುವವನಲ್ಲ. ಗಂಟು ಎಳೆದ, ಸ್ಟೂಲು ಜಾರಿತು. ಹಲಗೆಯ ಅಂಚಿಗೆ ಸೊಂಟ ಬಡಿದು ಕೆಳಗೆ ಬಿದ್ದ. ಒಳಗೇನೋ ಮುರಿದ ಸದ್ದು ಅವನಿಗೇ ಕೇಳಿತು. ಕೂಗೋಣ ಅಂದರೆ ಉಸಿರು ಕಟ್ಟಿ ದನಿಯೇ ಹೊರಡಲಿಲ್ಲ. ತಲೆಯ ಮೇಲೆ ಪೆಟ್ಟಿಗೆ ಬಟ್ಟೆಯನ್ನು ಸುಡುತ್ತಾ ಇತ್ತು. ಮೊದಲು ವಾಸನೆ, ಆಮೇಲೆ ಸಣ್ಣಗೆ ಹೊಗೆ.

ಅಕ್ಕ ತಿರುಗಿ ನೋಡಿದಳು. ಹಲಗೆಯ ಕೆಳಗೆ ಅವನ ಕಣ್ಣಿಗೂ ಅವಳ ಕಣ್ಣಿಗೂ ಭೇಟಿಯಾಯಿತು. ಏಳಲು ನೋಡಿದಳು, ಬೀಳದಿರಲಿ ಅಂತ ಅವನೇ ಒತ್ತಿಟ್ಟ ಕುರ್ಚಿ ಬಿಡಲಿಲ್ಲ. ಎಡಗೈಯಿಂದ ಮೇಜು ಗುದ್ದಿದಳು. ಆಟದಲ್ಲಿ ಸೋತಾಗಲೂ ಅವಳು ಹಾಗೇ ಗುದ್ದುತ್ತಿದ್ದದ್ದು. ಎದುರಿನಿಂದ ಬೀಗದವನು ತಲೆ ಎತ್ತದೆ, "ಬಿಡಿ ಅಕ್ಕ, ಇನ್ನೊಂದ್ಸಲ ಆಡಿ" ಅಂದ. "ತತ್ತ, ತತ್ತ" ಅಂದಳು. ಆಮೇಲೆ ಟ್ಯಾಬ್ ಎಳೆದುಕೊಂಡಳು.

ಇಸ್ತ್ರಿಯಣ್ಣನಿಗೆ ಮೊದಲು ಬಂದದ್ದು ಸಿಟ್ಟು. ನಾನು ಸಾಯುತ್ತಾ ಬಿದ್ದಿದ್ದೇನೆ, ಇವಳಿಗೆ ಈಗಲೂ ಆಟವೇ? "ಮರ!" ಅಂದಳು ಅಕ್ಕ. ಭೇಷ್. "ಹಸು!" ಭೇಷ್. ಬಲೂನು ಮರೆಯಾಗುವ ಮುಂಚೆಯೇ ಮುಂದಿನದಕ್ಕೆ ಬೆರಳು. "ಕೊಡೆ! ಲೋಟ!" ಅಷ್ಟು ಜೋರಾಗಿ, ಅಷ್ಟು ಚುರುಕಾಗಿ ಅವಳು ಯಾವತ್ತೂ ಆಡಿರಲಿಲ್ಲ. ಕೊಡೆ ಅನ್ನುವಾಗ ಅವಳ ದನಿ ಅಳುತ್ತಿತ್ತು. ಆಗ ಅವನಿಗೆ ಅರ್ಥವಾಯಿತು. ಅವಳಿಗೆ ಬೇಕಾದದ್ದು ಒಂದೇ ಮಾತು, ಬೀದಿಯವರನ್ನು ನಿಲ್ಲಿಸುವ ಮಾತು. ಅದು ಅವನ ಫೋಟೋದ ಹತ್ತಿರ ಇತ್ತು. ಫೋಟೋ ಬರುವ ತನಕ ಎಲ್ಲವನ್ನೂ ಗೆಲ್ಲಬೇಕಿತ್ತು. ಹೊಗೆ ಕಟ್ಟಿಕೊಂಡು ಬರುತ್ತಿತ್ತು. ಆಡೇ, ಬೇಗ ಆಡೇ, ಅಂತ ಅವನು ಒಳಗೊಳಗೇ ಅವಳನ್ನು ಹುರಿದುಂಬಿಸಿದ. "ಹಕ್ಕಿ! ಬಾಗಿಲು!"

ಹೊರಗೆ ಯಾರೋ ಹೆಂಗಸು, "ಇವತ್ತು ಅಕ್ಕ ಬಲು ಜೋರು" ಅಂತ ನಗುತ್ತಾ ಹೋದಳು.

ಫೋಟೋ ಬಂತು. ಅಕ್ಕ ಅದನ್ನು ನೋಡಿದಳು, ಟ್ಯಾಬಿನಿಂದ ಮುಖ ಎತ್ತಿದಳು, ಬೀದಿಯ ಕಡೆ ತಿರುಗಿದಳು. ಇದ್ದಬದ್ದ ಉಸಿರೆಲ್ಲ ಸೇರಿಸಿ ಬೀದಿಗೆ ಕೂಗಿದಳು.

"ರೀ!"

ಅದು ಅವನ ಅಣಕದ ರಾಗವಾಗಿರಲಿಲ್ಲ. ಚಿತ್ರಕ್ಕೆ ಹೇಳಿದ ಮಾತೂ ಅಲ್ಲ. ಮನುಷ್ಯರು ಮನುಷ್ಯರನ್ನು ಕರೆಯುವ ಮಾತು. ಇನ್ನೊಮ್ಮೆ ಕೂಗಿದಳು. "ರೀ!"

"ಭೇಷ್ ಅಕ್ಕ" ಅಂದ ಬೀಗದವನು, ಸಾಣೆ ಹಿಡಿಯುತ್ತಿದ್ದ ಕೀಲಿಯ ಮೇಲೆ ಕಣ್ಣಿಟ್ಟು.

ಅವಳು ಮೂರನೇ ಸಲ ಕೂಗಲಿಲ್ಲ.

ಬಾಗಿಲಿನಿಂದ ಹೊಗೆ ಹೊರಗೆ ಬಂದಮೇಲೆ ಜನ ಓಡಿಬಂದರು. ಬೀಗದವನೇ ಮೊದಲು ಒಳಗೆ ನುಗ್ಗಿದವನು. ಅಕ್ಕನನ್ನು ಕುರ್ಚಿ ಸಮೇತ ಎತ್ತಿದ, ಆಮೇಲೆ ಇಸ್ತ್ರಿಯಣ್ಣನನ್ನು ಎಳೆದುಹಾಕಿದ. ಅಷ್ಟರಲ್ಲಿ ಉರಿಯುವ ಬಟ್ಟೆ ಇಸ್ತ್ರಿಯಣ್ಣನ ಕೈಗಳ ಮೇಲೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಸೊಂಟಕ್ಕೆ ಕಬ್ಬಿಣ ಹಾಕಿದರು, ಕೈಗಳಿಗೆ ಬಟ್ಟೆ ಸುತ್ತಿದರು. ಇಸ್ತ್ರಿ ಪೆಟ್ಟಿಗೆ ಹಿಡಿಯುವ ಕೈಗಳು ಇವಲ್ಲ ಅಂತ ಡಾಕ್ಟರು ಹೇಳದಿದ್ದರೂ ಅವನಿಗೆ ಗೊತ್ತಾಯಿತು. ಬೀಗದವನು ಆಸ್ಪತ್ರೆಗೆ ಬಂದು ಮಂಚದ ಕಾಲು ಹಿಡಿದು ಕೂತ. "ಕೇಳಿಸ್ತು ಅಣ್ಣ. ಎರಡು ಸಲಾನೂ ಕೇಳಿಸ್ತು. ನಾನು ಭೇಷ್ ಅಂದೆ." ಇಸ್ತ್ರಿಯಣ್ಣನಿಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಬೈಯುವವಳು ಬೇರೆ ಇದ್ದಳು.

ಮಾತಿನ ಮೇಡಂ ಟ್ಯಾಬ್ ತಂದು ಮಂಚದ ಪಕ್ಕ ಕೂತಿದ್ದ ಅಕ್ಕನ ಮಡಿಲಲ್ಲಿಟ್ಟರು. ಆ ಬೆಳಗಿನ ಆಟ ಕೊನೆಯ ಚಿತ್ರದ ತನಕ ಅದರಲ್ಲಿ ಹಾಗೇ ಉಳಿದಿತ್ತಂತೆ. "ಒಂದೂ ತಪ್ಪಿಲ್ಲ ಯಜಮಾನ್ರೇ, ಮೊದಲನೇ ಸಲ" ಅಂದವರು ಸೆರಗನ್ನು ಬಾಯಿಗೊತ್ತಿಕೊಂಡರು. ಫೋಟೋ ಬಂತು. ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತ ಗಂಡ. ಅಕ್ಕ ನೋಡಿದಳು. ತುಟಿ ಬಿಗಿದುಕೊಂಡು, ಟ್ಯಾಬನ್ನು ಮೆಲ್ಲಗೆ ಆಚೆ ತಳ್ಳಿದಳು. ಬಲಗೈಯಿಂದಲೇ ತಳ್ಳಿದಳು, ಆ ಮಟ್ಟಿಗೆ ಆಟ ಒಳ್ಳೆಯದೇ ಮಾಡಿತ್ತು.

ಇಸ್ತ್ರಿಯಣ್ಣ ಮಲಗಿದಲ್ಲಿಂದಲೇ ಕತ್ತು ತಿರುಗಿಸಿದ. ಹುಟ್ಟಿದಾಗಿನಿಂದ ಆಡದೆ ಉಳಿಸಿಕೊಂಡ ಮಾತೆಲ್ಲ ಒಟ್ಟಿಗೆ ಬಂತು. "ನೀನು ಸರಿಯಾಗೇ ಕರೆದೆ ಕಣೇ. ಅದೇ ಮಾತು, ಅದೇ ರಾಗ. ನಂಗೊತ್ತು. ತಪ್ಪು ನಿಂದಲ್ಲ. ಕೇಳಿದವರದು. ಅದನ್ನ ಆಟದಲ್ಲಿ ಸೇರಿಸಿದ್ದು ನಾನು, ತಪ್ಪು ನನ್ನದೂ. ಇನ್ನೊಂದ್ಸಲ ಕರಿ. ಯಾರು ಬರದಿದ್ರೂ ನಾನು ಓಗೊಡ್ತೀನಿ."

ಅಕ್ಕ ಎಲ್ಲ ಕೇಳಿಸಿಕೊಂಡಳು. ಅವಳಿಗೆ ಎಲ್ಲವೂ ಅರ್ಥವಾಯಿತು ಅಂತ ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅವಳು ಕರೆದು ನೋಡಿದ್ದಳು. ಮಾತು ಬಂದಿತ್ತು, ಮನುಷ್ಯರು ಬಂದಿರಲಿಲ್ಲ. ಆಮೇಲೆ ಅವಳು ಯಾರನ್ನೂ ಕರೆಯಲಿಲ್ಲ.